ಕಾರೆ ಪೊದೆಯ ಸೊಪ್ಪು

ನಮ್ಮ ಯಜಮಾನರು ಒಂದು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡರೆಂದರೆ ಜ್ವರದ ಕಥೆ ಬರುತ್ತದೆ ಎಂದೇ ಅರ್ಥ. ಇವತ್ತು ಬೆಳಿಗ್ಗೆಯೂ ಆ ಕೆಮ್ಮು ಕೇಳಿಸಿತು. ಎದುರುಮನೆಯ ಗೌರಮ್ಮ ನಮ್ಮ ಜಗಲಿಯ ಮೇಲೆ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ಬಹಳ ದಿನದಿಂದ ಹಾಸಿಗೆ ಹಿಡಿದಿರುವ ಅವಳ ಮಗಳಿಗೆ ದಿನಾ ಒಂದು ಕೋಳಿಮೊಟ್ಟೆ ಕೊಡಿ ಎಂದು ಕನಕಪುರದ ಡಾಕ್ಟರು ಹೇಳಿಬಿಟ್ಟಿದ್ದಾರೆ. ಅವಳದೂ ನಮ್ಮದೂ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಗಳು. ಮೊಟ್ಟೆ ಎಂಬ ಮಾತು ಆಡುವಾಗಲೇ ಪಾಪ, ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು.

ಜ್ವರದ ಕಥೆ ನಿಮಗೂ ಗೊತ್ತಿರಲಿ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಮಳೆ ಕೈಕೊಟ್ಟಿತು. ಅದರ ಹಿಂದೆಯೇ ಊರೂರಿಗೆ ಆ ಕೆಟ್ಟ ಜ್ವರ ಬಂತು. ಯಜಮಾನರು ಮಲಗಿದರು. ಮೈಯಲ್ಲಿ ಎದ್ದು ಕೂರುವ ತ್ರಾಣವಿರಲಿಲ್ಲ; ನೇಮದ ವಿಷಯಕ್ಕೆ ಮಾತ್ರ ಎಲ್ಲಿಂದಲೋ ತ್ರಾಣ ಬರುತ್ತಿತ್ತು. ಯಾರೋ ಕೋಳಿ ರಸ ಕುಡಿಸಿ ಎಂದಾಗ ಮಲಗಿದ್ದಲ್ಲಿಂದಲೇ, "ಸತ್ರೂ ಸೈ, ಕುಲ ಕೆಡಿಸ್ಕಳಾಕಿಲ್ಲ" ಎಂದು ಗುಡುಗಿದರು. ಬರೀ ರಾಗಿಗಂಜಿ ಕುಡಿದು, ವಿಭೂತಿ ಹಚ್ಚಿಕೊಂಡು ಎದ್ದು ನಿಂತರು. ಇದು ಅವರ ಕಥೆ.

ನನ್ನದು ಸ್ವಲ್ಪ ಬೇರೆ. ಸೊಪ್ಪು ತರುತ್ತೇನೆಂದು ಹೇಳಿ ನಾನು ಗುಡ್ಡ ಹತ್ತುತ್ತಿದ್ದೆ. ಆ ಸುಟ್ಟ ಬಂಡೆಗಳ ನಡುವೆ ಸೊಪ್ಪೆಲ್ಲಿತ್ತು? ದನ ಕಾಯುವವರು ಗೌಜಲಹಕ್ಕಿಯ ಮೊಟ್ಟೆ ಹುಡುಕಿ ತಿನ್ನುವುದನ್ನು ಕಂಡಿದ್ದೆ. ನನಗೂ ಆಗೊಂದು ಈಗೊಂದು ಸಿಗುತ್ತಿತ್ತು. ಸಂಜೆ ಯಜಮಾನರ ಗಂಜಿಯಲ್ಲಿ ಕದಡಿ, ವಾಸನೆ ಮುಚ್ಚಲು ಬೆಳ್ಳುಳ್ಳಿ ಜಜ್ಜಿ ಹಾಕುತ್ತಿದ್ದೆ. ಒಂದು ದಿನ ಕಾರೆ ಮುಳ್ಳಿನ ಪೊದೆಯ ಬುಡದಲ್ಲಿ ತುಂಬಿದ ಗೂಡೇ ಸಿಕ್ಕಿತು. ಕೈ ಚಾಚಿದೆ. ಪೊದೆಯ ಆಚೆ ಕಡೆಯಿಂದ ಇನ್ನೊಂದು ಕೈ ಬಂತು. ಆ ಕೈಮೇಲಿನ ಹಚ್ಚೆ ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮತ್ತೆ! ಪಕ್ಕದ ಕೇರಿಯ ಕೋಳಿ ಅಂಗಳಕ್ಕೆ ಕಾಲಿಟ್ಟರೆ ಸಗಣಿ ಹಾಕಿ ಸಾರಿಸುತ್ತಿದ್ದ ನಮ್ಮತ್ತೆ.

"ಸೊಪ್ಪಿಗೆ ಬಂದ್ಯೇನಮ್ಮಿ?" ಎಂದರು.

"ಊಂ ಅತ್ತೆಮ್ಮ. ನೀವು?"

"ನಾನೂವೆ ಸೊಪ್ಪಿಗೇಯ."

ಹಾಗೆನ್ನುತ್ತಲೇ ಮೊಟ್ಟೆಗಳನ್ನು ಮಡಿಲಿಗೆ ತುಂಬಿಕೊಂಡು, ಒಂದನ್ನು ಮಾತ್ರ ಅಲ್ಲೇ ಬಿಟ್ಟರು. "ಎಲ್ಲಾನೂ ತಕಂಡ್ರೆ ಹಕ್ಕಿ ಗೂಡ್ ಬುಟ್ಟೋಯ್ತದೆ. ಒಂದ್ ಬುಟ್ರೆ ಮತ್ತೆ ಬಂದು ಇಕ್ತದೆ."

"ಇದೆಲ್ಲ ನಿಮ್ಗೆ ಯಾರು ಹೇಳ್ಕೊಟ್ರು?"

"ಹಿಂದ್ಲ ಬರದಲ್ಲಿ, ನಮ್ಮತ್ತೆ."

ಆ ಹಿರಿಯಜ್ಜಿಯ ಆಚಾರವನ್ನು ನಮ್ಮ ಮನೆಯಲ್ಲಿ ಇಂದಿಗೂ ಕೊಂಡಾಡುತ್ತಾರೆ.

ಗುಡ್ಡ ಇಳಿಯುವಾಗ ಉಳಿದದ್ದೂ ಹೊರಬಿತ್ತು. ಬೆಳಗಿನ ಗಂಜಿಗೆ ಅತ್ತೆ, ಸಂಜೆಯ ಗಂಜಿಗೆ ನಾನು, ಒಬ್ಬರಿಗೊಬ್ಬರು ತಿಳಿಯದ ಹಾಗೆ ಮೊಟ್ಟೆ ಕದಡುತ್ತಿದ್ದೆವು. ಯಜಮಾನರು ನೇಮದ ಬಲದಿಂದ ದಿನೇ ದಿನೇ ಚೇತರಿಸಿಕೊಂಡರು.

ಇವತ್ತು ಗೌರಮ್ಮನಿಗೆ ಅದನ್ನೇ ಹೇಳಿ ಮುಗಿಸಿದರು. "ನನ್ನ ನೋಡವ್ವ, ಬರೀ ಗಂಜೀಲಿ ಎದ್ದೆ. ಬೇಕಾದ್ರೆ ಇವಳ್ನ ಕೇಳು."

ಅತ್ತೆ ಇದ್ದಷ್ಟು ದಿನ ಇಬ್ಬರೂ, ಅವರು ಹೋದ ಮೇಲೆ ನಾನೊಬ್ಬಳೇ, ಈ ಮಾತಿಗೆ ತಲೆಯಾಡಿಸುತ್ತ ಬಂದಿದ್ದೇವೆ. ಗಂಡಸರ ಕಥೆ ಕೆಡಿಸಿ ನಮಗೇನು ಆಗಬೇಕು? ಆದರೆ ಗೌರಮ್ಮ ಗಂಜಿಯೇ ಸಾಕೆಂದು ಸಮಾಧಾನವಾದವಳಂತೆ ಎದ್ದು ಹೊರಟಳು. ಅವಳ ಮಗಳ ಕಡ್ಡಿಯಂಥ ಕಾಲು ನನ್ನ ಕಣ್ಣಿಗೆ ಬಂತು.

"ನಿಂತ್ಕೊ ಗೌರಿ. ಆ ಗಂಜಿಗೆ ಗೌಜಲಕ್ಕಿ ಮೊಟ್ಟೆ ಬೀಳ್ತಿತ್ತು. ನಾನೂ ಹಾಕ್ತಿದ್ದೆ, ಅತ್ತೆಮ್ಮನೂ ಹಾಕ್ತಿದ್ರು."

ಗೌರಮ್ಮ ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಆಮೇಲೆ ಮನೆಯ ಕಡೆಗಲ್ಲ, ಕೋಳಿ ಸಾಕುವವರ ಕೇರಿಯ ಕಡೆಗೆ ಬಿರಬಿರನೆ ನಡೆದಳು.

ಯಜಮಾನರು ಬೈಯಲಿಲ್ಲ. "ನೀವಿಬ್ರೂ ತಿಂದ್ರಾ?" ಎಂದರು.

"ಇಲ್ಲ."

"ಕುಲ ಕೆಡ್ತದೆ ಅಂತಾನಾ?"

"ಸಾಲ್ತಿರ್ಲಿಲ್ಲ."

ಮಧ್ಯಾಹ್ನ ಎಂದಿನಂತೆ ಅವರ ತಟ್ಟೆಗೆ ಮುದ್ದೆ ಇಟ್ಟು ಕರೆದೆ. ಬಂದವರು ಕೂರಲಿಲ್ಲ. ತಟ್ಟೆಯನ್ನು ನನ್ನ ಕಡೆಗೆ ಸರಿಸಿ, "ಮೊದ್ಲು ನೀನುಣ್ಣು" ಎಂದರು. ಅವರ ಮುಂದೆ ಕೂತು ಉಂಡು ಅಭ್ಯಾಸವಿಲ್ಲ ನನಗೆ. ಬಹಳ ನಿಧಾನವಾಯಿತು. ಅವರು ಗೋಡೆಗೊರಗಿ ಕಾದರು.