ಗಣಿತದ ಅಕ್ಕೋರು ಉಣ್ಣದೆ ಕುಳಿತ ದಿನ

ನನ್ನ ಮೊಮ್ಮಗಳಿಗೆ ನೌಕರಿ ಆಯಿತು! ಭಾಲ್ಕಿಯ ಸಮುದಾಯ ಕಾಲೇಜಿನಲ್ಲಿ ಗಣಿತ ಕಲಿಸುವ ನೌಕರಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎದೆಯೊಳಗೆ ಹಿಡಿಸುವುದಿಲ್ಲ. ಬೆಳಗಿನಿಂದ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ಹಾಲು ಹಾಕುವವನಿಗೆ ಹೇಳಿದ್ದು ಮರೆತು ಮತ್ತೆ ಹೇಳಿದೆ. ‘ಆಗಲೇ ಹೇಳೀರಿ ಆಯಿ, ಪೇಢಾ ಯಾವಾಗ ಕೊಡ್ತೀರಿ ಅದನ್ನ ಹೇಳ್ರಿ’ ಎಂದು ನಕ್ಕ.

ಅವಳ ಫೋನ್ ಬಂದಾಗ ನಾನು ಹಸಿ ತೊಗರಿಕಾಯಿ ಬಿಡಿಸುತ್ತ ಕುಳಿತಿದ್ದೆ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೆಂದು ಕೈ ಮುಖಕ್ಕೆ ಒಯ್ದರೆ ಬೆರಳಿಗೆ ಹತ್ತಿದ್ದ ಹಸಿ ತೊಗರಿಯ ವಾಸನೆ… ಒಮ್ಮೆಲೇ ಆ ಎಳ್ಳಮಾವಾಸ್ಯೆ ಕಣ್ಣೆದುರು ಬಂದು ನಿಂತಿತು. ನಮ್ಮ ಹೊಲ, ಬದುವಿನ ಮೇಲೆ ಕಾಲೆಳೆದುಕೊಂಡು ಬರುತ್ತಿದ್ದ ಗಣಿತದ ಅಕ್ಕೋರು.

ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಅನ್ನುವುದು. ಅವರು ಕಾಲೇಜಿನಲ್ಲಿ ಕಲಿಸುವವರಾಗಿದ್ದರೂ ನನ್ನ ಬಾಯಲ್ಲಿ ಅಕ್ಕೋರೇ ಆದರು. ಬೀದರಿನ ಹಳೆಯ ಪೇಟೆಯವರು. ಮನೆಯಲ್ಲಿ ಉರ್ದು, ನಮ್ಮೊಂದಿಗೆ ನಮ್ಮ ಹಾಗೆಯೇ ಮಾತು. ಬೀದರಿನ ಸಮುದಾಯ ಕಾಲೇಜೊಂದರಲ್ಲಿ ಅವರ ಗಣಿತದ ಕ್ಲಾಸುಗಳು ನಡೆಯುತ್ತಿದ್ದವು. ಓದು ಅರ್ಧಕ್ಕೆ ಬಿಟ್ಟವರು, ಗಣಿತದಲ್ಲಿ ಫೇಲಾಗಿ ಮನೆ ಹಿಡಿದವರು, ಎಲ್ಲರೂ ಅಲ್ಲಿ ಮೊದಲಿನಿಂದ ಶುರು ಮಾಡಬಹುದಿತ್ತು. ಮೊದಲು ಕೂಡಿಸುವುದು, ಭಾಗಿಸುವುದು, ಆಮೇಲೆ ಬೀಜಗಣಿತ, ಅದೂ ದಾಟಿದರೆ ಇನ್ನೂ ಮುಂದಿನದು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನಗೆ ಅದೆಲ್ಲ ಎಷ್ಟು ತಿಳಿಯಬೇಕು? ಮೊಮ್ಮಗಳು ಹೇಳಿದ್ದನ್ನೇ ಹೇಳುತ್ತಿದ್ದೇನೆ.

ಆ ವರ್ಷ ಮೊಮ್ಮಗಳು ಪಿಯುಸಿಯಲ್ಲಿ ಗಣಿತ ಫೇಲಾಗಿದ್ದಳು. ಮತ್ತೆ ಪರೀಕ್ಷೆ ಕಟ್ಟಿದಳು, ಮತ್ತೆ ಹೋಯಿತು. ಮನೆಯಲ್ಲಿ ಯಾರೂ ಬೈಯಲಿಲ್ಲ, ಆದರೆ ಅವಳೇ ಮಾತು ಬಿಟ್ಟಳು. ಕಮಲನಗರದ ಕಡೆಯವರು ಸಂಕ್ರಾಂತಿ ಆದಮೇಲೆ ಹೆಣ್ಣು ನೋಡಲು ಬರುತ್ತೇವೆ ಎಂದಿದ್ದರು. ಒಂದು ದಿನ ರೊಟ್ಟಿ ಬಡಿಯುತ್ತ ನನ್ನೊಬ್ಬಳಿಗೇ ಹೇಳಿದಳು: ‘ಆಯಿ, ನನಗ ತಲಿ ಇಲ್ಲ ಅಂತಲ್ಲ. ನನಗ ಎಲ್ಲಿ ತಪ್ಪಾಗ್ತದಂತ ಯಾರೂ ಹೇಳವಲ್ರು.’

ಫೇಲಾದವರ ಹೆಸರು ಕೇಳಿಕೊಂಡು ಅಕ್ಕೋರು ಊರೂರು ತಿರುಗುತ್ತಿದ್ದರು. ಮಂದಿ ಸಾಕಾಗುವಷ್ಟು ಬಾರದಿದ್ದರೆ ಕ್ಲಾಸು ಮುಚ್ಚುತ್ತಾರೆಂದು ಸುದ್ದಿ ಇತ್ತು. ಔರಾದಿನಲ್ಲಿ ಬಸ್ ಇಳಿದು, ಅಲ್ಲಿಂದ ಸಿಕ್ಕ ಆಟೋ ಹತ್ತಿ ನಮ್ಮ ಊರಿಗೂ ಬಂದಿದ್ದರು. ಬಂದಾಗಲೆಲ್ಲ ನನ್ನ ಮಗ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ‘ಇಲ್ಲಂತ ಹೇಳ್ರಿ’ ಎನ್ನುತ್ತಿದ್ದ. ದಿನಾ ಔರಾದಿನಿಂದ ಬೀದರಿಗೆ ಹೋಗಿ ಬರುವುದು, ಕತ್ತಲಾದರೆ ಯಾರು ಜವಾಬ್ದಾರಿ ಎನ್ನುವುದು ಅವನ ಚಿಂತೆ. ಅಪ್ಪನ ಚಿಂತೆ, ಸುಳ್ಳಲ್ಲ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರಿಗೆ ಊರೇ ಖಾಲಿ, ಎಲ್ಲರೂ ಹೊಲದಲ್ಲಿ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಕಲ್ಲುಗಳನ್ನು ಪಾಂಡವರೆಂದು ಕೂರಿಸಿ ಪೂಜೆ ಮಾಡಿ, ಹಸಿ ಕಾಳು, ಸೊಪ್ಪು, ಕಾಯಿಪಲ್ಲೆ ಎಲ್ಲ ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹರವಿಕೊಂಡು ಕೂರುತ್ತೇವೆ. ಅವತ್ತು ದಾರಿಯಲ್ಲಿ ಹೋಗುವವರನ್ನು ಕರೆಯದೆ ಬಿಡಬಾರದು. ಪರಿಚಯ ಇರಲಿ ಬಿಡಲಿ, ಕೂಗಿ ಕರೆಯಬೇಕು. ಹಾಗೆ ಬಂದವರು ಉಂಡಮೇಲೆಯೇ ಮನೆಯವರು ಕೈ ಹಾಕಬೇಕು.

ನನ್ನ ಮಗನ ಗಂಟಲು ದೊಡ್ಡದು. ಬಂಡಿದಾರಿಯಲ್ಲಿ ಯಾರೋ ಹೆಂಗಸು ಹೋಗುತ್ತಿರುವುದು ಕಂಡಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹಣೆಗೆ ಕೈ ಅಡ್ಡ ಹಿಡಿದು ಕೂಗಿಯೇ ಬಿಟ್ಟ: ‘ಬರ್ರೀ ಅಕ್ಕಾ, ಬರ್ರೀ! ಹಂಗೇ ಹೊಂಟೀರಲ್ಲ, ಊಟಕ್ಕ ಬರ್ರೀ!’

ಆ ಹೆಂಗಸು ನಿಂತರು. ತಿರುಗಿದರು. ಬದುವಿನ ಮೇಲೆ ಬರತೊಡಗಿದರು. ಯಾರೆಂದು ತಿಳಿಯುವಷ್ಟು ಹತ್ತಿರ ಬಂದಾಗ ನನ್ನ ಮಗನ ಮುಖ ನೋಡಬೇಕಿತ್ತು!

‘ಮನ್ಯಾಗ ಸಿಗಲಿಲ್ಲ ಅಣ್ಣಾ. ಇವತ್ತ ತಾವೇ ಕರದ್ರಿ, ಭಾಳ ಮೆಹರ್ಬಾನಿ’ ಎಂದು ಅಕ್ಕೋರು ಚಾಪೆಯ ಅಂಚಿಗೆ ಕುಸಿದು ಕುಳಿತರು. ಚಪ್ಪಲಿ, ಪಾದ, ಸೀರೆಯ ಅಂಚು ಎಲ್ಲ ಒಂದೇ ಮಣ್ಣಿನ ಬಣ್ಣ. ನೀರು ಕುಡಿದರು. ಸೊಸೆ ತಾಟು ಹಚ್ಚಿ ಮುಂದಿಟ್ಟಳು. ಅವರು ಮುಟ್ಟಲಿಲ್ಲ.

‘ಊಟ ಆಮ್ಯಾಲ ಅಮ್ಮಾ. ಒಂದ ಮಾತ ಅದ, ಅದು ಮೊದಲ ಮುಗೀಲಿ.’

‘ಗೊತ್ತದ ಬಿಡ್ರಿ ಅಕ್ಕೋರೇ,’ ಎಂದ ಮಗ. ‘ಗಣಿತ ಈಕಿ ಹಣ್ಯಾಗ ಬರ್ದಿಲ್ಲ.’

‘ಹಣ್ಯಾಗ ಯಾರಿಗೂ ಬರ್ದಿರಲ್ಲ. ಕುಂತು ಕಲೀಬೇಕಾಗ್ತದ.’

‘ಮಂದಿ ಬರಲಿಲ್ಲಂದ್ರ ನಿಮ್ಮ ಕ್ಲಾಸ್ ಬಂದ್ ಆಗ್ತದಂತಲ್ಲ? ಅದು ಉಳೀಲಾಕ ನಮ್ಮ ಪೋರಿ ಬೇಕಾಗ್ಯಾಳೇನ್ರಿ?’

ನಾನು ನಾಲಿಗೆ ಕಚ್ಚಿಕೊಂಡೆ. ಆದರೆ ಅವರು ಸಿಟ್ಟಾಗಲಿಲ್ಲ. ‘ಹೌದ್ರಿ, ಅದೂ ಖರೇನೇ ಅದ. ನನ್ನ ಕ್ಲಾಸೂ ಉಳೀಬೇಕು, ನಿಮ್ಮ ಮಗಳೂ ಮುಂದ ಹೋಗಬೇಕು. ಎರಡೂ ಒಂದೇ ಕೆಲಸದಾಗ ಆಗ್ತಾವಂದ್ರ ನುಕ್ಸಾನ್ ಯಾರಿಗದ?’

ಮಗ ತಾಟನ್ನು ಅವರ ಹತ್ತಿರ ಸರಿಸಿದ. ‘ಮೊದಲ ಊಟ ಮಾಡ್ರಿ’ ಎಂದ.

‘ನೀವು ಹೂಂ ಅಂದ ಕೂಡ್ಲೇ ಮಾಡ್ತೇನಿ.’

ಹಾಗೇ ಕುಳಿತರು ನೋಡಿ! ಅವರು ಉಣ್ಣದೆ ನಾವು ಉಣ್ಣುವಂತಿಲ್ಲ. ಭಜ್ಜಿ ಆರುತ್ತಿದೆ, ಸಣ್ಣ ಮಕ್ಕಳು ಹಸಿವೆಂದು ರಾಗ ತೆಗೆದಿವೆ. ಪಕ್ಕದ ಹೊಲದವರು ಆಗಲೇ ಉಂಡು ಎಲೆ ಅಡಿಕೆ ಹಾಕುತ್ತ ಕೂಗಿದರು: ‘ಯಾಕ್ರಪಾ, ಇನ್ನಾ ಕೂತಿಲ್ಲ? ಭಜ್ಜ್ಯಾಗ ಉಪ್ಪ ಹೆಚ್ಚಾಗ್ಯಾದೇನು?’

ಅಷ್ಟು ಹೊತ್ತು ಕೊಂಪೆಯ ಹಿಂದೆ ನಿಂತಿದ್ದ ಮೊಮ್ಮಗಳು ಹೊರಗೆ ಬಂದಳು. ಎಷ್ಟೋ ತಿಂಗಳ ಮೇಲೆ ಅಪ್ಪನ ಮುಖ ನೋಡಿ ಮಾತಾಡಿದಳು. ‘ಅಪ್ಪಾ, ನನಗ ಹೋಗಬೇಕಾಗ್ಯಾದ.’

ಮಗ ಅವಳನ್ನು ನೋಡಿದ, ಅಕ್ಕೋರನ್ನು ನೋಡಿದ, ಅಳುವ ಮಕ್ಕಳನ್ನು ನೋಡಿದ. ‘ಹೋಗು ಮಾರಾಯ್ತಿ! ಆದ್ರ ಬಸ್ ತಪ್ಪಿಸಿಕೊಂಡು ಕತ್ತಲಾಗ ಬಂದ್ರ ನಾನು ಸುಮ್ನಿರಂಗಿಲ್ಲ.’

ಅಕ್ಕೋರು ರೊಟ್ಟಿ ಮುರಿದರು. ಅವರು ಉಂಡ ರೀತಿ ನೋಡಿ ನಾನು ರೊಟ್ಟಿಯ ಬುಟ್ಟಿಯನ್ನೇ ಅವರ ಪಕ್ಕಕ್ಕೆ ತಂದಿಟ್ಟೆ. ‘ಇನ್ನೊಂದ ಹಾಕ್ರಿ ಅಮ್ಮಾ. ಮುಂಜಾನಿಂದ ಬರೇ ಚಹಾದ ಮ್ಯಾಲೇ ಅದೇನಿ’ ಎಂದರು. ಮಗನಿಗೂ ನಗು ಬಂತು. ಮರಳಿ ಹೋಗುವಾಗ ಅವನೇ ಗಾಡಿಯ ಮೇಲೆ ಔರಾದಿನವರೆಗೆ ಬಿಟ್ಟು ಬಂದ.

ಅವರ ಕ್ಲಾಸಿನಲ್ಲಿ ತಪ್ಪಾದ ಲೆಕ್ಕವನ್ನು ಅಳಿಸುವಂತಿರಲಿಲ್ಲವಂತೆ. ಅದನ್ನು ಹಾಗೇ ಇಟ್ಟು, ಪಕ್ಕದಲ್ಲಿ ಸರಿಯಾದದ್ದು ಮಾಡಿ, ದಾರಿ ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಬೇಕು. ನಮ್ಮ ಹುಡುಗಿಗೆ ಬೇಕಾಗಿದ್ದದ್ದು ಅದೇ. ಗಣಿತ ಪಾಸಾದಳು, ಡಿಗ್ರಿಗೂ ಅದನ್ನೇ ಹಿಡಿದಳು, ಅದರ ಮೇಲಿನದನ್ನೂ ಓದಿದಳು. ಕಮಲನಗರದವರು ಬೇರೆ ಕಡೆ ನೋಡಿಕೊಂಡರು. ಅವರ ಮನೆಗೆ ಸೊಸೆಯಾಗಿ ಹೋದ ಹುಡುಗಿಯೂ ಚೆನ್ನಾಗಿರಲಿ.

ಒಮ್ಮೆ ಬೀದರಿನ ದವಾಖಾನೆಗೆ ಹೋದವಳು ಅವರನ್ನು ನೋಡಲು ಕಾಲೇಜಿಗೆ ಹೋದೆ. ಕ್ಲಾಸು ಮುಗಿದಿತ್ತು. ಅಕ್ಕೋರು ಬೆಂಚಿನ ಮೇಲೆ ಕುಳಿತು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ಪಾಠ ಹೇಳಿ ಹೇಳಿ ದನಿ ಒಡೆದಿತ್ತು. ಆ ವರ್ಷವೂ ಮಂದಿ ಕಡಿಮೆ, ಮತ್ತೆ ಹಳ್ಳಿ ತಿರುಗಿ ಬಂದಿದ್ದರು. ‘ಜರಾ ಆರಾಮ ತಗೋರಿ ಅಕ್ಕೋರೇ’ ಎಂದೆ. ‘ತಗೋತೇನಿ ಅಮ್ಮಾ. ಈ ವರ್ಷದ್ದೊಂದು ಮುಗೀಲಿ’ ಎಂದರು. ಆಮೇಲೆ ಯಾವ ವರ್ಷ ಕೇಳಿದರೂ ಅದೇ ಮಾತು…

ಹೋದ ಬೇಸಿಗೆಯಲ್ಲಿ ತೀರಿಹೋದರು. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು. ಆಮೇಲೆ ನಾನೂ ಮೊಮ್ಮಗಳೂ ಅವರ ಮನೆಗೆ ಹೋದೆವು. ಅವರ ತಂಗಿ ಚಹಾ ಕೊಟ್ಟು, ‘ಕಡೀಕೂ ಕ್ಲಾಸಿಂದೇ ಧ್ಯಾನ ಇತ್ತು’ ಎಂದರು. ಅವತ್ತು ಹೋಗಿ ಬಂದ ದಣಿವು ನನ್ನ ಮೈಯಿಂದ ಇನ್ನೂ ಪೂರ್ತಿ ಇಳಿದಿಲ್ಲ. ವಯಸ್ಸೂ ಆಯಿತೆನ್ನಿ.

ಇವತ್ತು ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಸೊಸೆ ಶೇಂಗಾ ಹೋಳಿಗೆ ಮಾಡಿದ್ದಳು. ಮೊಣಕಾಲು ನೋಯುತ್ತಿದ್ದರೂ ನಾನೇ ತುಪ್ಪ ಬಡಿಸಿದೆ. ‘ಭಾಲ್ಕ್ಯಾಗ ರೂಮ್ ಮಾಡ್ತೀ ಏನ ಬಸ್ಸಿಗೆ ಹೋಗ್ತೀ?’ ಎಂದು ಮಗ ಕೇಳಿದ. ಮೊದಲ ದಿನ ಯಾವ ಸೀರೆ ಎಂದು ಸೊಸೆ ಕೇಳಿದಳು. ಪಗಾರ ಎಷ್ಟು, ರಜೆ ಎಷ್ಟು, ಅಲ್ಲಿ ನೀರು ಚಲೋ ಇದೆಯೇ, ಎಲ್ಲ ಕೇಳಿದ್ದಾಯಿತು. ಮೊಮ್ಮಗಳು ನಗುನಗುತ್ತ ಎಲ್ಲದಕ್ಕೂ ಉತ್ತರ ಕೊಟ್ಟಳು.

ಯಾವ ಗಣಿತ ಕಲಿಸುತ್ತೀ, ಮೊದಲ ಪಾಠ ಯಾವುದು ಎಂದು ಮಾತ್ರ ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅದು ಯಾರಿಗೂ ಹೊಳೆಯುವ ಪ್ರಶ್ನೆಯಲ್ಲ. ಅವಳು ಒಂದು ಸಲ ಬಾಯಿ ತೆರೆದವಳು, ನಮ್ಮ ಮುಖಗಳನ್ನೆಲ್ಲ ನೋಡಿ ಸುಮ್ಮನೆ ತುತ್ತು ಇಟ್ಟುಕೊಂಡಳು. ಅದನ್ನು ಕೇಳುವವರು ಒಬ್ಬರಿದ್ದರು… ನಾನು ಅವಳ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದೆ. ನನ್ನಿಂದ ಆಗುವುದು ಅಷ್ಟೇ.