ನಿಂತ ಕಾರಿನಲ್ಲಿ ಕೂತಿದ್ದ ಒಳಗ್ಹೋಗಿ ಮಾವ

ನಮ್ಮ ಬೀದಿಯಲ್ಲಿ ಕಾರಿದ್ದೂ ಓಡಿಸಲು ಬಾರದವರು ಒಬ್ಬರೇ ಇದ್ದರು. ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಬಾಗಿಲಲ್ಲಿ ಜೋತುಬಿದ್ದ ಪ್ರಯಾಣಿಕರಿಗೆ ‘ಒಳಗ್ಹೋಗಿ, ಒಳಗ್ಹೋಗಿ’ ಎಂದು ಕೂಗಿ ಕೂಗಿ ಅಭ್ಯಾಸವಾಗಿ, ಮನೆಗೆ ಬಂದ ನೆಂಟರನ್ನೂ ಅದೇ ರಾಗದಲ್ಲಿ ಸ್ವಾಗತಿಸುತ್ತಿದ್ದರು. ಹಾಗಾಗಿ ಬೀದಿಗೆಲ್ಲ ಅವರು ‘ಒಳಗ್ಹೋಗಿ ಮಾವ’. ಹೆರಿಗೆ ವಾರ್ಡಿನಲ್ಲಿ ಹೆಡ್ ನರ್ಸ್ ಆಗಿದ್ದ ಅವರ ಹೆಂಡತಿ ಎಲ್ಲರಿಗೂ ‘ಸಿಸ್ಟರ್’. ಮಾವನ ಹೆಂಡತಿ ಸಿಸ್ಟರ್ ಆಗುವುದು ಹೇಗೆ ಎಂದು ಸಂಬಂಧ ಬಿಡಿಸಲು ಕೂತವರಿಗೆ ತಲೆ ಕೆಟ್ಟದ್ದೇ ಬಂತು.

ನಿವೃತ್ತಿಯಾದ ತಿಂಗಳಲ್ಲೇ ಮಾವ, ಅಳಿಯ ಮಾರಲು ಇಟ್ಟಿದ್ದ ಹಳೆಯ ಕಾರನ್ನು ಅವನ ಕೈಯಲ್ಲೇ ತರಿಸಿ ಮನೆಯ ಮುಂದೆ ನಿಲ್ಲಿಸಿಕೊಂಡರು.

“ಓಡಿಸೋಕೆ ಬರಲ್ಲ, ಕಾರು ಯಾಕ್ರೀ?” ಎಂದರು ಸಿಸ್ಟರ್.

“ಮೂವತ್ತೊಂದು ವರ್ಷ ಗಾಡೀಲಿ ನಿಂತಿದೀನಿ ಕಣೆ. ಇನ್ಮೇಲೆ ಕೂತ್ಕೋತೀನಿ.”

ಹೇಳಿದಂತೆಯೇ ನಡೆದುಕೊಂಡರು. ದಿನಾ ಬೆಳಿಗ್ಗೆ ಕಾಫಿ ಕುಡಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡ್ರೈವರ್ ಸೀಟಿನಲ್ಲಿ ಕೂತು ನಿಧನವಾರ್ತೆಯಿಂದ ಶುರುಮಾಡಿ ಇಡೀ ಪೇಪರು ಓದುವರು. ಆಮೇಲೆ ಇಳಿದು, ನಾಲ್ಕೂ ಬಾಗಿಲು ಎಳೆದು ನೋಡಿ, ದೂರದ ಪ್ರಯಾಣ ಮುಗಿಸಿದವರಂತೆ ಸೊಂಟ ಹಿಡಿದುಕೊಂಡು ಮನೆಯೊಳಗೆ ಹೋಗುವರು.

ಒಂದು ಮಂಗಳವಾರ ಮಾವ ಕ್ರೀಡಾಪುಟದಲ್ಲಿದ್ದಾಗ ಹಿಂದಿನಿಂದ ‘ಧಡ್’ ಎಂದಿತು. ಇಳಿದು ನೋಡಿದರೆ ಹಿಂದಿನ ಬಾಗಿಲಲ್ಲಿ ತಟ್ಟೆಯಗಲದ ತಗ್ಗು. ಗುದ್ದಿದ್ದು ಡ್ರೈವಿಂಗ್ ಸ್ಕೂಲಿನ ಕಾರು. ಸ್ಟಿಯರಿಂಗ್ ಹಿಡಿದಿದ್ದವರು ರಿವರ್ಸ್ ಕಲಿಯುತ್ತಿದ್ದ ಹಲ್ಲಿನ ಡಾಕ್ಟರು. ಪಕ್ಕದಲ್ಲಿ ಸ್ಕೂಲಿನ ಮೇಡಂ, ಕೈಯಲ್ಲಿ ಮೊಬೈಲು.

“ನಾನು ಒತ್ತಿದ್ದು ಬ್ರೇಕೇ. ಆದರೆ ಅದು ಆಕ್ಸಿಲರೇಟರ್ ಆಗಿತ್ತು,” ಎಂದು ಡಾಕ್ಟರು ಪ್ರಾಮಾಣಿಕವಾಗಿ ಹೇಳಿದರು.

“ಸ್ಟಿಯರಿಂಗ್ ಅವರ ಕೈಯಲ್ಲಿತ್ತು, ಅವರನ್ನೇ ಕೇಳಿ,” ಎಂದರು ಮೇಡಂ.

“ಇನ್ನೊಂದು ಬ್ರೇಕು ಮೇಡಂ ಕಾಲಡಿ ಇದೆಯಲ್ಲ, ಅವರನ್ನ ಕೇಳಿ,” ಎಂದರು ಡಾಕ್ಟರು.

ಮಾವನಿಗೆ ಈ ಆಟ ಹೊಸದಲ್ಲ. ಗಂಡ ಹೆಂಡತಿ ಕಡೆಗೆ, ಹೆಂಡತಿ ಗಂಡನ ಕಡೆಗೆ ಕೈ ತೋರಿಸುತ್ತ ಟಿಕೆಟ್ಟಿಲ್ಲದೆ ಕೊನೆಯ ಸ್ಟಾಪು ಮುಟ್ಟಿದವರನ್ನು ಎಷ್ಟೋ ಕಂಡಿದ್ದರು. “ಪಾಠ ಹೇಳಿಕೊಡೋರು ನೀವು, ಜವಾಬ್ದಾರಿ ನಿಮ್ಮದು. ನಿಮ್ಮ ಇನ್ಶೂರೆನ್ಸಿನವರನ್ನ ಕರೆಸಿ,” ಎಂದರು. ಮೇಡಂ, “ಮುಂದಿನ ವಾರ ನೋಡೋಣ ಅಂಕಲ್,” ಎಂದು ಕಾರು ಹತ್ತಿದರು.

ಮಾವ ಮುಂದಿನ ವಾರದವರೆಗೆ ಕಾಯಲಿಲ್ಲ. ಮಾರನೆಯ ದಿನವೇ ಪೇಪರು ಹಿಡಿದು, ಟೈರ್ ಅಂಗಡಿಯ ಮಹಡಿಯಲ್ಲಿದ್ದ ಡ್ರೈವಿಂಗ್ ಸ್ಕೂಲಿನ ಬೆಂಚಿನ ಮೇಲೆ ಹೋಗಿ ಕೂತರು. ಸೇರಲು ಬಂದ ಒಬ್ಬೊಬ್ಬರನ್ನೂ, “ಒಳಗ್ಹೋಗಿ, ಒಳಗ್ಹೋಗಿ,” ಎಂದು ಕರೆದು, ಮೊಬೈಲಿನಲ್ಲಿ ತಗ್ಗಿನ ಫೋಟೋ ತೋರಿಸುವರು. “ಇದು ಇವರ ಸ್ಟೂಡೆಂಟ್ ಕೆಲಸ. ಎಷ್ಟು ದುಂಡಗಿದೆ ನೋಡಿ. ಹತ್ತೇ ಕ್ಲಾಸಿಗೆ ಇಷ್ಟು ಕಲಿಸ್ತಾರೆ.” ಬಂದವರು ಫೋಟೋ ನೋಡಿ, ಗೋಡೆಯ ಮೇಲಿನ ಟ್ರಾಫಿಕ್ ಚಿಹ್ನೆಗಳನ್ನು ನೋಡಿ, ಮೆಟ್ಟಿಲಿಳಿದು ಹೋಗುವರು. ಮೂರನೆಯ ದಿನ ಮೇಡಂ ಹಲ್ಲು ಕಚ್ಚಿಕೊಂಡು ಇನ್ಶೂರೆನ್ಸಿನವರಿಗೆ ಫೋನು ಮಾಡಿದರು.

ಶನಿವಾರ ಇನ್ಶೂರೆನ್ಸಿನ ಸರ್ವೇಯರ್ ಬಂದರು. ಬೀದಿಯ ನಾವೆಲ್ಲ, ಬೇರೆ ಕೆಲಸವಿದ್ದೂ, ಸೇರಿದೆವು. ಸರ್ವೇಯರ್ ತಗ್ಗಿಗೆ ಟೇಪು ಹಿಡಿದು, ನಾಲ್ಕು ಕಡೆಯಿಂದ ಫೋಟೋ ತೆಗೆದು, ಫಾರಂ ಓದತೊಡಗಿದರು.

“ಘಟನೆ ನಡೆದಾಗ ಡ್ರೈವರ್ ಸೀಟಿನಲ್ಲಿ ಯಾರಾದ್ರೂ ಇದ್ರಾ?”

“ನಾನಿದ್ದೆ.”

ಮೇಡಂ ಕಣ್ಣು ಅರಳಿತು. “ನೋಡಿ ಸರ್! ಡ್ರೈವರ್ ಸೀಟಿನಲ್ಲಿ ಮನುಷ್ಯ ಕೂತಿದ್ದ ಮೇಲೆ ಗಾಡಿ ನಿಂತಿತ್ತು ಅನ್ನೋದಕ್ಕೆ ಏನು ಗ್ಯಾರಂಟಿ? ಇವರೇ ಹಿಂದಕ್ಕೆ ಬಂದಿರಬಹುದು.”

“ನನಗೆ ಓಡಿಸೋಕೇ ಬರಲ್ಲಮ್ಮ!”

“ಬರಲ್ಲ ಅನ್ನೋದಕ್ಕೆ ದಾಖಲೆ ಇದೆಯಾ?” ಎಂದರು ಸರ್ವೇಯರ್, ಪೆನ್ನು ಎತ್ತಿ.

“ಲೈಸೆನ್ಸೇ ಇಲ್ಲ.”

“ಲೈಸೆನ್ಸ್ ಇಲ್ದೆ ಓಡಿಸೋರು ಊರು ತುಂಬ ಇದಾರೆ. ನನಗೆ ಗೊತ್ತಿಲ್ವಾ? ಅರ್ಧ ಜನಕ್ಕೆ ಕಲಿಸಿದ್ದೇ ನಾನು,” ಎಂದ ಮೇಡಂ, ಆಡಿದ ಮಾತು ಕಿವಿಗೆ ಬಿದ್ದದ್ದೇ ನಾಲಿಗೆ ಕಚ್ಚಿಕೊಂಡರು.

ಮಾವ ಬಾಗಿಲಲ್ಲಿದ್ದ ಸಿಸ್ಟರ್ ಕಡೆ ಒಮ್ಮೆ ನೋಡಿದರು. ಆಮೇಲೆ ಕಾರಿನೊಳಗೆ ಬಗ್ಗಿ, ಡ್ಯಾಶ್‌ಬೋರ್ಡಿನ ಗೂಡಿನಿಂದ ಮಾಸಿದ ಲಕೋಟೆಯೊಂದನ್ನು ತೆಗೆದು ಕೊಟ್ಟರು. ಒಳಗೆ ಮೂರು ಚೀಟಿ. ಸರ್ವೇಯರ್ ಗಟ್ಟಿಯಾಗಿ ಓದಿಯೇಬಿಟ್ಟರು. ಚಾಲನಾ ಪರೀಕ್ಷೆ, ಮೊದಲ ಸಲ: ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದೆ, ಅನುತ್ತೀರ್ಣ. ಎರಡನೆಯ ಸಲ: ಗುರುತಿನ ಕಂಬಕ್ಕೆ ಗುದ್ದಿದ್ದಾರೆ, ಅನುತ್ತೀರ್ಣ. ಮೂರನೆಯ ಸಲ: ದಾರಿಯಲ್ಲಿದ್ದ ಪ್ರತಿಯೊಂದು ಬಸ್ ಸ್ಟಾಪಿನಲ್ಲೂ ವಿನಾಕಾರಣ ನಿಲ್ಲಿಸಿದ್ದಾರೆ, ಅನುತ್ತೀರ್ಣ.

ನಾವು ನಕ್ಕೆವು. ಮೇಡಂ ನಕ್ಕರು. ಹಲ್ಲಿನ ಡಾಕ್ಟರು ತಮಗಿಂತ ದಡ್ಡ ವಿದ್ಯಾರ್ಥಿಯೊಬ್ಬ ಸಿಕ್ಕ ಸಂತೋಷಕ್ಕೆ ಮಾವನ ಕೈ ಕುಲುಕಿದರು. ಸರ್ವೇಯರ್, “ಇದಕ್ಕಿಂತ ದೊಡ್ಡ ದಾಖಲೆ ಬೇಡ,” ಎಂದು ಫಾರಮಿಗೆ ಸಹಿ ಹಾಕಿದರು. ಸಿಸ್ಟರ್ ಮಾತ್ರ ನಗಲಿಲ್ಲ. ಹತ್ತಿರ ಬಂದು ಚೀಟಿಗಳ ತಾರೀಖು ನೋಡಿ ಒಳಗೆ ನಡೆದರು.

ಆ ತಾರೀಖುಗಳಿಗೆ ಇಪ್ಪತ್ತು ವರ್ಷವಾಗಿತ್ತು. ಡಿಪೋದಲ್ಲಿ ಆಗ ಕಂಡಕ್ಟರುಗಳಿಗೆ ಡ್ರೈವರ್ ಆಗಲು ಅವಕಾಶ ಕೊಟ್ಟಿದ್ದರು. ಸಿಸ್ಟರ್ ಕಣ್ಣಿಗೆ ಬೀಳದಂತೆ ಅಡಗಿಸಿಟ್ಟಿದ್ದ ಚೀಟಿಗಳು ಕಾರು ಬಂದ ಮೇಲೆ ಅದರೊಳಗೆ ಸೇರಿದ್ದವು.

“‘ಡ್ರೈವರ್ ಕೆಲಸ ಕೊಟ್ಟಿದ್ರು, ಜನರ ಜೊತೆ ಮಾತಾಡೋದು ತಪ್ಪುತ್ತೆ ಅಂತ ನಾನೇ ಬೇಡ ಅಂದೆ’ ಅಂದಿದ್ರಲ್ರೀ,” ಎಂದರಂತೆ ಸಿಸ್ಟರ್, ಮಾವ ಒಳಗೆ ಬಂದ ಮೇಲೆ.

“ಅಂದಿದ್ದೆ.”

“ನಮ್ಮ ಯಜಮಾನರು ಎಂಥ ದೊಡ್ಡ ಮನುಷ್ಯ ಅಂತ ವಾರ್ಡಿಗೆಲ್ಲ ಹೇಳಿದೀನಿ. ಹೆರಿಗೆ ನೋವಲ್ಲಿ ಒದ್ದಾಡೋರನ್ನೂ ಬಿಡದೆ ಹೇಳಿದೀನಿ.”

“ಅವರಿಗೆ ಆಗ ಎಲ್ಲಿ ನೆನಪಿರುತ್ತೆ ಬಿಡು,” ಎಂದು ಮಾವ ಸಮಾಧಾನ ಹೇಳಲು ಹೋದರು. ಎರಡು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಮೂರನೆಯ ದಿನ ಸಿಸ್ಟರ್, ಚಪಾತಿ ಹಿಟ್ಟು ನಾದುತ್ತಿದ್ದವರು, ಪ್ರತಿಯೊಂದು ಬಸ್ ಸ್ಟಾಪಿನಲ್ಲೂ ನಿಂತದ್ದು ನೆನಪಾಗಿ ಒಬ್ಬರೇ ನಗತೊಡಗಿದರು. ಪಕ್ಕದ ಮನೆಯ ನಮಗೂ ಕೇಳುವಷ್ಟು ಜೋರಾಗಿ.

ಪರಿಹಾರ ಬಂತು. ಬಾಗಿಲು ನೆಟ್ಟಗಾಯಿತು, ಬಣ್ಣ ಮಾತ್ರ ಸ್ವಲ್ಪ ಬೇರೆಯಾಯಿತು. ಅದಾದ ವಾರದಲ್ಲೇ ಸಿಸ್ಟರ್ ಸೀರೆ ಎತ್ತಿ ಕಟ್ಟಿ ಅದೇ ಮೇಡಂ ಹತ್ತಿರ ಕಲಿಯಲು ಸೇರಿದರು. “ಈ ಅಂಕಲ್ ಮತ್ತೆ ಬೆಂಚಿನ ಮೇಲೆ ಬಂದು ಕೂರದಿದ್ರೆ ಫೀಸಲ್ಲಿ ಅರ್ಧ ಬಿಡ್ತೀನಿ,” ಎಂದರಂತೆ ಮೇಡಂ. ಸಿಸ್ಟರ್ ಮೊದಲ ಸಲಕ್ಕೇ ಪಾಸಾದರು. ಪರೀಕ್ಷೆ ಮಾಡಿದ ಅಧಿಕಾರಿ ಸಿಸ್ಟರ್ ಕೈಯಲ್ಲೇ ಹುಟ್ಟಿದವನು ಎಂದು ಮಾವ ಇವತ್ತಿಗೂ ವಾದಿಸುತ್ತಾರೆ, ಸಾಕ್ಷಿಯಿಲ್ಲ.

ಹೋದ ತಿಂಗಳು ಇಬ್ಬರೂ ಊರಾಚೆಯ ಹೆದ್ದಾರಿಯಲ್ಲಿ ಹೋದರು. ಆ ದಾರಿಯಲ್ಲಿ ಮಾವ ಸಾವಿರಾರು ಸಲ ಓಡಾಡಿದ್ದರು, ಆದರೆ ಆಗೆಲ್ಲ ಮುಖ ಪ್ರಯಾಣಿಕರ ಕಡೆಗಿರುತ್ತಿತ್ತು, ಬೆನ್ನು ರಸ್ತೆಯ ಕಡೆಗೆ. ಈಗ ಓಡಿಸುತ್ತಿದ್ದ ಸಿಸ್ಟರ್ ಪಕ್ಕ ಮುಂದಿನ ಸೀಟಿನಲ್ಲಿ ಕೂತು ತುಂಬ ಹೊತ್ತು ರಸ್ತೆ ನೋಡಿದರು.

“ಈ ರಸ್ತೆ ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಇರಲಿಲ್ಲ ಕಣೆ.”

“ಮಾತಾಡಿಸ್ಬೇಡಿ, ಲಾರಿ ಬರ್ತಿದೆ,” ಎಂದರು ಸಿಸ್ಟರ್.