ಅಂಗಡಿ ಬಾಗಿಲಿನ ಪಾನಕದ ಕೊಡ

ನಮ್ಮವ್ವ ಹರಿಹರದಲ್ಲಿ ಬ್ಲೌಸ್‌ಪೀಸು, ಲೇಸು, ಸೀರೆ ಫಾಲ್ಸು ಮಾರುತ್ತಾಳೆ. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ರೋಗಾಣುಗಳ ಪಾಠ ಹೇಳುತ್ತೇನೆ. ತರಗತಿಯಲ್ಲಿ ನಾನು ಕೆಮ್ಮಿದರೂ ಬರೆದುಕೊಳ್ಳುತ್ತಾರೆ. ಅವ್ವ ಮಾತ್ರ ನಾನು ಗಂಟಲು ಹರಿದುಕೊಂಡರೂ ಒಂದು ಲೋಟ ನೀರು ಹೆಚ್ಚಿಗೆ ಕುಡಿಯಳು.

ಕಾರಣವಿತ್ತು. ಅಂಗಡಿ ಸಾಲಿನ ಹಿಂದಿನ ಪಾಯಖಾನೆಗೆ ಸದಾ ಬೀಗ. ಚಾವಿ ಎದುರಿನ ಪೈಪು-ನಲ್ಲಿ ಅಂಗಡಿಯವರ ಹತ್ತಿರ, ಅಲ್ಲಿ ಯಾವಾಗಲೂ ಗಂಡಸರ ಗುಂಪು. "ಅವರ ಮುಂದೆ ಹೋಗಿ ಚಾವಿ ಕೊಡ್ರಿ ಅಂತ ಹೆಂಗೆ ಕೇಳಾದು?" ಅನ್ನುತ್ತಿದ್ದಳು. ಹೀಗಾಗಿ ಅವ್ವ, ಪಕ್ಕದ ಬಳೆ ಅಂಗಡಿಯಾಕೆ, ಹೂವಿನಾಕೆ ಮೂವರೂ ನೀರು ಮುಟ್ಟದೆ ಸಂಜೆ ಮಾಡುತ್ತಿದ್ದರು. ಉರಿಮೂತ್ರ ಬರದೆ ಇನ್ನೇನು ಬಂದೀತು! ಮಾತ್ರೆ ನುಂಗಿದರೆ ಹೋಗುತ್ತಿತ್ತು, ಸ್ವಲ್ಪ ದಿನಕ್ಕೆ ಮತ್ತೆ ಹಾಜರು. ಆ ಸಲ ಚಳಿಜ್ವರವೂ ಬಂದಾಗ ಅಣ್ಣ ಖಡಾಖಂಡಿತ ಹೇಳಿಬಿಟ್ಟ: "ಇನ್ನೊಂದ್ಸಲ ಹಿಂಗಾದ್ರೆ ಅಂಗಡಿ ಬಾಡಿಗಿ ಕೊಡಾದೇ. ಮನ್ಯಾಗ ಆರಾಮಿರು."

ಅವ್ವ ನನ್ನ ಮುಂದೆ ಅತ್ತಳು. "ಆ ಅಂಗ್ಡ್ಯಾಗ ಕುಂತ್ರೆ ನಾನು ನಾನಾಗಿರ್ತೀನಿ ಕಣೇ. ಮನ್ಯಾಗ ಕುಂದ್ರಿಸಿದ್ರೆ ಸತ್ತೇ ಹೋಗ್ತೀನಿ."

ಅವಳ ಕಣ್ಣೊರೆಸಿದೆ. ಸಿಟ್ಟೂ ಬಂತು. ದಾವಣಗೆರೆಯ ಕೆ.ಬಿ. ಬಡಾವಣೆಯ ನನ್ನ ಮನೆಯಲ್ಲಿ ಇಟ್ಟುಕೊಂಡು, ಡಾಕ್ಟರು ಬರೆದ ಮಾತ್ರೆಗಳನ್ನು ಒಂದೂ ಬಿಡದೆ ನುಂಗಿಸಿದೆ. ಜ್ವರ ಬಿಟ್ಟ ಮೇಲೆ ಕೈಹಿಡಿದು ಲ್ಯಾಬಿಗೆ ಎಳೆದುಕೊಂಡು ಹೋದೆ.

ಜ್ವರ ಬಂದಾಗಿನ ಅವಳ ಮೂತ್ರದಿಂದಲೇ ಬೆಳೆಸಿಟ್ಟ ಬ್ಯಾಕ್ಟೀರಿಯಾ ಒಂದು ಹನಿ, ಬೇಕರಿ ಯೀಸ್ಟು ಕದಡಿದ ನೀರು ಒಂದು ಹನಿ ಗಾಜಿನ ಮೇಲೆ ಬೆರೆಸಿದೆ. ನೋಡನೋಡುತ್ತಿದ್ದಂತೆ ಒಡೆದ ಹಾಲಿನ ಹಾಗೆ ಗಂಟುಗಂಟಾಯಿತು.

"ನೋಡವ್ವ, ಇವಕ್ಕೆ ಮೈತುಂಬ ಸಣ್ಣ ನಾರು, ನಾರಿನ ತುದಿಗೆ ಕೊಂಡಿ. ಯೀಸ್ಟಿನ ಮೈಮ್ಯಾಲೆ ಒಂದು ಥರದ ಸಕ್ಕರಿ ಐತೆ, ಅದನ್ನ ಕಚ್ಚಿ ಹಿಡಿತಾವೆ. ನಿನ್ನ ಮೂತ್ರಕೋಶದ ಒಳಪೊರೆ ಮ್ಯಾಲೂ ಅಂಥದ್ದೇ ಐತೆ."

"ಹೊಲದಾಗ ಉತ್ರಾಣಿ ಮುಳ್ಳು ಸೀರಿಗೆ ಹತ್ತಿದಂಗ," ಎಂದಳು ಸಾರಥಿ ಎಂಬ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಅವ್ವ.

"ಹೂಂ. ಆದ್ರೆ ಉತ್ರಾಣಿ ಸೀರಿ ಮ್ಯಾಲೇ ಇರ್ತೈತೆ. ಇವು ಒಳಪೊರೆಯ ಜೀವಕೋಶದೊಳಗೇ ನುಗ್ಗಿ ಅಡಗಿ ಕುಂದ್ರತಾವೆ. ಮಾತ್ರೆ ಮುಗಿದ ಮ್ಯಾಲೆ ಹೊರಗ ಬರ್ತಾವೆ."

"ಅಯ್ಯ, ಮುಂಡೇವು!"

ಪಾಠ ಹೇಳುವವರ ಚಟ ನೋಡಿ, ಅಲ್ಲಿಗೇ ನಿಲ್ಲಿಸಲಿಲ್ಲ. ಇನ್ನೊಂದು ಗಾಜಿನ ಮೇಲೆ ಮೊದಲೇ ಮ್ಯಾನೋಸ್ ಎಂಬ ಸಕ್ಕರೆ ಬೆರೆಸಿ ತೋರಿಸಿದೆ. ಕೊಂಡಿಗೆಲ್ಲ ಆ ಸಕ್ಕರೆಯೇ ಸಿಕ್ಕಿಕೊಂಡು ಯೀಸ್ಟನ್ನು ಹಿಡಿಯಲು ಕೊಂಡಿಯೇ ಉಳಿಯಲಿಲ್ಲ, ಗಂಟೂ ಕಟ್ಟಲಿಲ್ಲ. ಅವ್ವನ ಕಣ್ಣು ಅರಳಿದವು. "ಅದಕ್ಕೇ ನೀರು ಕುಡಿ, ತಡಕೊಂಡು ಕೂಡಬ್ಯಾಡ, ಗಟ್ಟಿಯಾಗಿ ಹಿಡಕೊಳ್ಳೋ ಮುಂಚೆ ಕೊಚ್ಚಿ ಹೋಗ್ಲಿ," ಎಂದು ಮುಗಿಸಿದೆ. ಅವ್ವ ತಲೆಯಾಡಿಸಿ, ಮಂಡಕ್ಕಿ ಮಿರ್ಚಿ ತಿಂದು, ಹರಿಹರದ ಬಸ್ಸು ಹತ್ತಿದಳು.

ಮುಂದಿನ ವಾರ ಹೋಗಿ ನೋಡುತ್ತೇನೆ, ಅಂಗಡಿ ಬಾಗಿಲಲ್ಲೇ ದೊಡ್ಡ ಕೊಡದ ತುಂಬ ಬೆಲ್ಲದ ಪಾನಕ! ಏಲಕ್ಕಿ, ಶುಂಠಿ, ನಿಂಬೆಹಣ್ಣು, ಎಲ್ಲ ಹಾಕಿದ್ದಾಳೆ ಪುಣ್ಯಾತ್ಗಿತ್ತಿ. ಬಂದ ಹೆಂಗಸರಿಗೆಲ್ಲ ಲೋಟ ತುಂಬಿ ಕೊಡುತ್ತಿದ್ದಾಳೆ. "ಕುಡೀರಿ, ನಾಚಿಕಿ ಬ್ಯಾಡ. ಸಿಹಿ ಕಂಡ್ರೆ ಆ ಹುಳ ಕೈ ಬಿಡ್ತಾವೆ. ನನ್ನ ಮಗಳು ಲ್ಯಾಬ್‌ನಾಗ ತೋರಿಸ್ಯಾಳ."

ನನ್ನ ಮಾನ ಹರಾಜು! "ಅವ್ವಾ, ಅದು ಈ ಸಕ್ಕರಿ ಅಲ್ಲ! ಕುಡಿದ ಬೆಲ್ಲ ಅಲ್ಲೀತನ ಹೋಗಂಗೇ ಇಲ್ಲ! ಸಕ್ಕರೆ ಕಾಯಿಲೆ ಇದ್ದೋರು ಕುಡಿದ್ರೆ ಏನು ಗತಿ?"

"ಅವರಿಗೆ ಬರೇ ನಿಂಬಿಹಣ್ಣಿನ ನೀರು ಕೊಡ್ತೀನಿ, ನಾನೇನು ದಡ್ಡಿಯಾ? ಕೂಗಬ್ಯಾಡ, ಗಿರಾಕಿ ಅದಾರ. ಮೊದ್ಲು ಒಂದು ಲೋಟ ಕುಡಿ."

ಕುಡಿದೆ. ಹಾಳಾದ್ದು, ಬಹಳ ರುಚಿಯಾಗಿತ್ತು. ಇನ್ನೊಂದು ಲೋಟವನ್ನೂ ಇಳಿಸಿದೆ.

ಅಷ್ಟರಲ್ಲಿ ಬಳೆ ಅಂಗಡಿಯಾಕೆ ಎದ್ದು ನಿಂತಳು. "ಅಕ್ಕಾ, ಇನ್ನ ತಡಿಯಾಕ ಆಗಲ್ಲ." ಹೂವಿನಾಕೆಯದೂ ಅದೇ ಪಾಡು. ಬೆಳಗಿನಿಂದ ಪಾನಕ ಕುಡಿದವರು ಎಷ್ಟು ಹೊತ್ತು ತಡೆದಾರು? ಅವ್ವ ಸೆರಗು ಸಿಕ್ಕಿಸಿ ರಸ್ತೆ ದಾಟಿದಳು, ಹಿಂದೆ ನಾವೆಲ್ಲ. ಪೈಪಿನಂಗಡಿಯ ಗಂಡಸರ ಮುಂದೆ ನಿಂತು ಗಟ್ಟಿಯಾಗಿ, "ಪಾಯಖಾನಿ ಚಾವಿ ಕೊಡ್ರಿ. ಇನ್ನ ಮ್ಯಾಲೆ ನಮ್ಮ ಅಂಗ್ಡ್ಯಾಗೇ ಇರ್ತೈತೆ, ಬೇಕಾದ್ರೆ ನೀವು ಬಂದು ಇಸ್ಕೊಳ್ರಿ," ಎಂದಳು. ಮಾಲೀಕರು ಗಲ್ಲಾದಿಂದ ಚಾವಿ ತೆಗೆದು ಅವಳ ಕೈಗಿಟ್ಟರು. ನನಗೆ ನಡುರಸ್ತೆಯಲ್ಲೇ ಚಪ್ಪಾಳೆ ಹೊಡೆಯಬೇಕೆನಿಸಿತು.

ಆ ಚಾವಿ ಈಗ ಅವ್ವನ ಲೇಸಿನ ಸುರುಳಿಗಳ ಪಕ್ಕದ ಮೊಳೆಗೆ ನೇತಾಡುತ್ತದೆ. ಕೊಡದಲ್ಲಿ ದಿನವೂ ನೀರು, ಹಬ್ಬಕ್ಕೆ ಪಾನಕ. ಉರಿಮೂತ್ರ ಮತ್ತೆ ಬರಲಿಲ್ಲ. ಆದರೂ ನಂಬದೆ, ಬೇಸಿಗೆ ಕಳೆದ ಮೇಲೆ ಅವಳ ಮೂತ್ರವನ್ನು ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗೆ ಹಾಕಿ ಮತ್ತೆ ಪರೀಕ್ಷೆಗೆ ಇಟ್ಟೆ. ಮರುದಿನ ತಟ್ಟೆ ತೆಗೆದರೆ ಬ್ಯಾಕ್ಟೀರಿಯಾದ ಒಂದು ಚುಕ್ಕಿಯೂ ಇಲ್ಲ! ಅಣ್ಣನಿಗೆ ಫೋನು ಮಾಡಿ, "ಅಂಗಡಿ ಬಾಡಿಗಿ ಮಾತು ಇನ್ನ ಎತ್ತಬ್ಯಾಡ," ಎಂದೆ. "ಆಯ್ತು ಮಾರಾಯ್ತಿ," ಎಂದು ನಕ್ಕ. ಮೊಬೈಲಿನಲ್ಲಿ ತಟ್ಟೆಯ ಫೋಟೊ ಹಿಡಿದು ಹರಿಹರಕ್ಕೆ ಓಡಿದೆ. ಅಂಗಡಿ ಮುಂದೆಯೇ ಕುಣಿದೆ.

ಅವ್ವ ಫೋಟೊ ದಿಟ್ಟಿಸಿದಳು. "ಏನೂ ಬೆಳದಿಲ್ಲಲ್ಲೇ?"

"ಏನೂ ಇಲ್ಲ! ಅಂಗಡಿ ನಿಂದೇ. ಅಣ್ಣ ಒಪ್ಪಿದ."

"ಸಾರಥ್ಯಾಗ ಬೆಳಿ ಬರದಿದ್ರೆ ಅಳ್ತಾರ. ಬೆಳಿ ಬಂದಿಲ್ಲ ಅಂತ ಕುಣಿದಾಕಿನ್ನ ನಿನ್ನೊಬ್ಬಾಕಿನ್ನೇ ನೋಡಿದ್ದು," ಎಂದು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. "ಬಾಗಿಲಾಗ ನಿಂದ್ರಬ್ಯಾಡ, ಗಿರಾಕಿ ಬಂದ್ರು. ಬರ್ರಿ ಅಕ್ಕಾರ, ಕೂಡ್ರಿ, ಯಾವ ಬಣ್ಣದ್ದು ತೋರಿಸ್ಲಿ?"